ಪರರ ಅಂಗಳದಲ್ಲಿ ಕೊನೆಯ ಪಂದ್ಯ

ಕಾಯುವವರ ಸಂಕಟವನ್ನು ಕುರಿತು ನಮ್ಮ ಕವಿಗಳು ಬರೆದಿರುವಷ್ಟು ಇನ್ನಾವುದನ್ನು ಕುರಿತೂ ಬರೆದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಮೋಡವನ್ನೇ ದೂತನನ್ನಾಗಿ ಮಾಡಿಕೊಂಡ ಯಕ್ಷನಿದ್ದಾನೆ. ಗಿಳಿ ಕೋಗಿಲೆಗಳನ್ನು ತಡೆದು ತನ್ನ ದೇವನ ಸುದ್ದಿ ಕೇಳಿದ ಅಕ್ಕನಿದ್ದಾಳೆ. ಇವರ ಸಾಲಿನಲ್ಲಿ, ಹನ್ನೊಂದು ಮಂದಿ ಆಟಗಾರರು ಪರವೂರಿಗೆ ಹೋಗಿ ಗೆದ್ದು ಬಂದಾರೆಯೆ ಎಂದು ಮನಸ್ಸು ಕೆಡಿಸಿಕೊಂಡು ಕುಳಿತ ಮೂವತ್ತೆರಡು ವಯಸ್ಸಿನ, ಓದು ಬರಹ ಬಲ್ಲ ಒಬ್ಬ ಮನುಷ್ಯನನ್ನು ಕೂರಿಸಬಹುದೆ? ಪ್ರಶ್ನೆಯನ್ನು ಕೇಳಿದೊಡನೆ ನಗು ಬರುವುದು ಸಹಜ. ಇಂಗ್ಲೆಂಡಿನ ನಿಕ್ ಹಾರ್ನ್‌ಬಿಯವರು 1992ರಲ್ಲಿ ಪ್ರಕಟಿಸಿದ ‘ಫೀವರ್ ಪಿಚ್’ ಎಂಬ ಪುಸ್ತಕವನ್ನು ಓದಿದ ಮೇಲೆ ಆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ.

‘ಪಿಚ್’ ಎಂದರೆ ಆಟದ ಬಯಲು; ‘ಫೀವರ್ ಪಿಚ್’ ಎಂದರೆ ಜ್ವರದಂತೆ ನೆತ್ತಿಗೇರಿದ ಉದ್ವೇಗ. ಹೆಸರಿನಲ್ಲಿರುವ ಈ ಶ್ಲೇಷೆ ಪುಸ್ತಕದ ಒಳಗೂ ಹರಿದಿದೆ. ಇದು ಕಾದಂಬರಿಯಲ್ಲ, ಆತ್ಮಕಥೆಯೆಂದು ಕರೆದರೆ ಪೂರ್ತಿ ಒಪ್ಪುವುದೂ ಇಲ್ಲ. ಲಂಡನ್ನಿನ ಆರ್ಸೆನಲ್ ಎಂಬ ಫುಟ್‌ಬಾಲ್ ಸಂಘದ ಒಬ್ಬ ಅಭಿಮಾನಿಯ ಬಾಳನ್ನು ಪಂದ್ಯಗಳ ಲೆಕ್ಕದಲ್ಲಿ ಹೇಳುವ ಬಿಡಿ ಬರೆಹಗಳ ಮಾಲೆ. ಪ್ರತಿಯೊಂದು ಬರೆಹದ ತಲೆಯ ಮೇಲೂ ಎರಡು ತಂಡಗಳ ಹೆಸರು, ಒಂದು ತಾರೀಖು. 1968ರ ಸೆಪ್ಟೆಂಬರ್ 14ರಂದು, ತಾಯಿತಂದೆಗಳು ಬೇರೆಯಾದ ದಿನಗಳಲ್ಲಿ, ಹನ್ನೊಂದು ವರ್ಷದ ಹುಡುಗನನ್ನು ತಂದೆ ಆರ್ಸೆನಲ್-ಸ್ಟೋಕ್ ಪಂದ್ಯಕ್ಕೆ ಕರೆದುಕೊಂಡು ಹೋಗುತ್ತಾನೆ. ಬಾಲಕನ ಕಣ್ಣು ಆಟಕ್ಕಿಂತ ಹೆಚ್ಚಾಗಿ ನೆಟ್ಟದ್ದು ಸುತ್ತಲಿನ ದೊಡ್ಡವರ ಮುಖಗಳ ಮೇಲೆ. ದುಡ್ಡು ಕೊಟ್ಟು ಬಂದವರು, ಆದರೆ ಒಬ್ಬರ ಮುಖದಲ್ಲೂ ಸುಖವಿಲ್ಲ; ಬೈಗುಳ, ಸಿಡುಕು, ನಿಟ್ಟುಸಿರು. ಸಂತೋಷಕ್ಕಾಗಿ ಬಂದು ಸಂಕಟಪಡುವ ಈ ಜನರನ್ನು ಕಂಡು ಹುಡುಗ ಮೋಹಗೊಳ್ಳುತ್ತಾನೆ. ಆ ಕ್ಷಣವನ್ನು ಹಾರ್ನ್‌ಬಿ ಹಿಡಿದಿರುವ ರೀತಿಯೊಂದೇ ಸಾಕು, ಅವರು ಬರೆಹಗಾರರೆಂದು ಒಪ್ಪಲು.

ಪುಸ್ತಕದಲ್ಲಿ ಎಷ್ಟೋ ಪಂದ್ಯಗಳಿವೆ. ಅವುಗಳಲ್ಲಿ ಬಹುಪಾಲು ಸಾಮಾನ್ಯವಾದವು, ಕೆಲವು ನೀರಸವೂ ಹೌದು. ಅವನ್ನೆಲ್ಲ ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ. ಇಡೀ ಪುಸ್ತಕ ಮುಖ ಮಾಡಿ ನಿಂತಿರುವುದು ಒಂದೇ ಸಂಜೆಯ ಕಡೆಗೆ: 1989ರ ಮೇ 26, ಶುಕ್ರವಾರ. ಆ ಸಂಜೆ ಆರ್ಸೆನಲ್ ಲಿವರ್‌ಪೂಲಿಗೆ ಹೋಗಿ, ಆ್ಯನ್‌ಫೀಲ್ಡ್ ಎಂಬ ಲಿವರ್‌ಪೂಲಿನವರದೇ ಅಂಗಳದಲ್ಲಿ, ಅವರನ್ನೇ ಸೋಲಿಸಿ ಇಂಗ್ಲೆಂಡಿನ ಚಾಂಪಿಯನ್ ಪದವಿಯನ್ನು ತರಬೇಕಾಗಿತ್ತು.

ಇಲ್ಲಿ ಒಂದು ವಿವರಣೆ ಅವಶ್ಯ. ಇಂಗ್ಲೆಂಡಿನ ಲೀಗಿಗೆ ಫೈನಲ್ ಎಂಬುದಿಲ್ಲ. ಆ ವರ್ಷ ಮೊದಲನೆಯ ವಿಭಾಗದಲ್ಲಿ 20 ತಂಡಗಳಿದ್ದು, ಪ್ರತಿಯೊಂದೂ 38 ಪಂದ್ಯಗಳನ್ನಾಡಿ, ಕೊನೆಗೆ ಯಾರ ಅಂಕ ಹೆಚ್ಚೋ ಅವರಿಗೆ ಪದವಿ. ಸಾಮಾನ್ಯವಾಗಿ ಕೊನೆಯ ಪಂದ್ಯಗಳ ಹೊತ್ತಿಗೆ ಎಲ್ಲವೂ ತೀರ್ಮಾನವಾಗಿರುತ್ತದೆ. ಇಲ್ಲವೆ ಹಕ್ಕುದಾರರಿಬ್ಬರೂ ಬೇರೆ ಬೇರೆ ಊರುಗಳಲ್ಲಿ ಬೇರೆ ಯಾರೊಡನೆಯೋ ಆಡುತ್ತಿರುತ್ತಾರೆ. 1989ರಲ್ಲಿ ಮಾತ್ರ ಎಲ್ಲ ಆಟಗಳೂ ಮುಗಿದು, ಮೊದಲನೆಯವರೂ ಎರಡನೆಯವರೂ ಎದುರುಬದುರು ನಿಲ್ಲುವ ಒಂದೇ ಪಂದ್ಯ ಉಳಿದುಕೊಂಡಿತು. ಲಿವರ್‌ಪೂಲಿಗೆ 76 ಅಂಕ, ಆರ್ಸೆನಲ್‌ಗೆ 73. ಗೆದ್ದರೆ ಮೂರು ಅಂಕ. ಸಮವಾದರೆ ಗೋಲುಗಳ ಅಂತರ ನೋಡಬೇಕು. ಆ ಅಂತರ ಲಿವರ್‌ಪೂಲಿಗೆ 39, ಆರ್ಸೆನಲ್‌ಗೆ 35. ಒಂದು ಗೋಲಿನಿಂದ ಗೆದ್ದರೆ 38ಕ್ಕೆ 36, ಪದವಿ ಲಿವರ್‌ಪೂಲಿಗೇ. ಎರಡು ಗೋಲುಗಳಿಂದ ಗೆದ್ದರೆ ಇಬ್ಬರಿಗೂ 37. ಆಗ ವರ್ಷವಿಡೀ ಹೊಡೆದ ಒಟ್ಟು ಗೋಲುಗಳ ಲೆಕ್ಕದಲ್ಲಿ ಆರ್ಸೆನಲ್ ಮೇಲಾಗುತ್ತದೆ. ಅಂತೂ ಎರಡು ಗೋಲು ಬೇಕು. ತಮ್ಮ ಅಂಗಳದಲ್ಲಿ ಲಿವರ್‌ಪೂಲಿನವರು ಎರಡು ಗೋಲುಗಳ ಅಂತರದಿಂದ ಸೋತು ಮೂರು ವರ್ಷಗಳಾಗಿದ್ದವು. ಆರ್ಸೆನಲ್ ಅಲ್ಲಿ ಕೊನೆಯ ಸಲ ಗೆದ್ದದ್ದು 1974ರಲ್ಲಿ. ಚಾಂಪಿಯನ್ ಪದವಿಯನ್ನು ಕೊನೆಯ ಸಲ ಕಂಡದ್ದು 1971ರಲ್ಲಿ.

ಹದಿನೆಂಟು ವರ್ಷ ಕಾದವನ ಮನಸ್ಸು ಇಂಥ ಲೆಕ್ಕದ ಮುಂದೆ ಏನು ಮಾಡುತ್ತದೆ? ಅಡ್ಡಕಸುಬಿ ಲೇಖಕನಾಗಿದ್ದರೆ ಅಭಿಮಾನಿಯ ಎದೆಯಲ್ಲಿ ಆಸೆಯ ದೀಪವನ್ನು ಹಚ್ಚಿ, ಅದನ್ನು ಪುಟಪುಟಕ್ಕೂ ಎತ್ತರಿಸುತ್ತಿದ್ದ. ಹಾರ್ನ್‌ಬಿಯವರ ಅಭಿಮಾನಿ ಆಸೆಯನ್ನು ಹೊಸಕಿ ಹಾಕುತ್ತಾನೆ. ಮೇ 13ರಂದು ಸ್ವಂತ ಊರಿನಲ್ಲೇ ಡರ್ಬಿ ತಂಡಕ್ಕೆ 1-2ರಿಂದ ಸೋಲು. 17ರಂದು ವಿಂಬಲ್ಡನ್ ತಂಡದೊಡನೆ 2-2 ಸಮ. ಅಲ್ಲಿಗೆ ಮುಗಿಯಿತೆಂದು ಅವನು ನಿರ್ಧರಿಸಿಬಿಡುತ್ತಾನೆ. ಹಿಂದೆ ನಂಬಿ ಕೆಟ್ಟವನು ಅವನು. 1969ರ ಮಾರ್ಚಿಯಲ್ಲಿ ವೆಂಬ್ಲಿಯ ಮೈದಾನದಲ್ಲಿ ಲೀಗ್ ಕಪ್ಪಿನ ಫೈನಲ್. ಎದುರಾಳಿ ಮೂರನೆಯ ವಿಭಾಗದ ಸ್ವಿಂಡನ್ ಎಂಬ ಸಣ್ಣ ಊರಿನ ತಂಡ. ಹುಡುಗನಿಗೆ ಸೋಲಿನ ಊಹೆಯೇ ಇರಲಿಲ್ಲ. 3-1ರಿಂದ ಸ್ವಿಂಡನ್ ಗೆದ್ದಿತು. ಆ ದಿನ ಕಲಿತ ಪಾಠವನ್ನು ಇಪ್ಪತ್ತು ವರ್ಷಗಳ ತರುವಾಯವೂ ಅವನು ಮರೆತಿಲ್ಲ. ಈ ಎರಡು ಫೈನಲುಗಳನ್ನು ಜೊತೆಯಲ್ಲಿಟ್ಟು ಓದಿದರೆ ಪುಸ್ತಕದ ಬಂಧ ತಿಳಿಯುತ್ತದೆ. ಮೊದಲನೆಯದರಲ್ಲಿ ನಂಬಿಕೆಯಿಂದ ಕಾದ ಬಾಲಕ, ಎರಡನೆಯದರಲ್ಲಿ ನಂಬಲಾರದೆ ಕಾಯುವ ವಯಸ್ಕ. ವಯಸ್ಸಾಗುವುದೆಂದರೆ ಏನೆಂಬುದನ್ನು ಈ ಲೇಖಕರು ಮದುವೆ, ಉದ್ಯೋಗ, ಸಾವುಗಳ ಮೂಲಕ ಹೇಳದೆ, ಕಾಯುವ ಬಗೆ ಹೇಗೆ ಬದಲಾಯಿತೆಂಬುದರ ಮೂಲಕ ಹೇಳಿದ್ದಾರೆ. ಇದು ಹೊಸದು.

ಪಂದ್ಯದ ದಿನ ಆ್ಯನ್‌ಫೀಲ್ಡಿನಲ್ಲಿ ಸೇರಿದ್ದ ಆರ್ಸೆನಲ್ ಮಂದಿಯ ನಡುವೆ ಹಾರ್ನ್‌ಬಿ ಇರಲಿಲ್ಲ. ಅವರು ಇದ್ದದ್ದು ಲಂಡನ್ನಿನಲ್ಲಿ, ದೂರದರ್ಶನದ ಮುಂದೆ. ಪುಸ್ತಕದ ಭಾಗ್ಯವೇ ಇದರಲ್ಲಿದೆ ಎಂದು ನನ್ನ ಅಭಿಪ್ರಾಯ. ಬಸ್ಸು ಕಾರುಗಳಲ್ಲಿ ಲಿವರ್‌ಪೂಲಿಗೆ ಹೊರಟ ಅಭಿಮಾನಿಗಳಿಗೆ ಕಾಯುವಿಕೆಯ ಜೊತೆಗೆ ಮಾಡಲು ಒಂದು ಕೆಲಸವಾದರೂ ಇತ್ತು: ಹಾದಿ ಸವೆಸುವುದು, ಹಾಡುವುದು, ಬಾವುಟ ಬೀಸುವುದು. ಹೆದ್ದಾರಿಯಲ್ಲಿ ಅವರ ವಾಹನಗಳು ಸಿಕ್ಕಿಕೊಂಡದ್ದರಿಂದ ಪಂದ್ಯವೇ ಕೆಲವು ನಿಮಿಷ ತಡವಾಗಿ ಆರಂಭವಾಯಿತು. ಅಭಿಮಾನಿ ಆಟದ ಮೇಲೆ ತೋರಿಸಬಲ್ಲ ಪ್ರಭಾವ ಬಹುಶಃ ಇಷ್ಟೇ! ಮನೆಯಲ್ಲಿ ಉಳಿದವನಿಗೆ ಅದೂ ಇಲ್ಲ. ಅವನು ಬರಿಯ ಕಾಯುವಿಕೆಯೇ ಮೈವೆತ್ತಂತೆ ಕುಳಿತಿದ್ದಾನೆ.

ನಮ್ಮ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಇಲ್ಲೊಂದು ತೊಡಕು ಕಾಣದಿರದು. ತೀ.ನಂ.ಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಬಂದಂದಿನಿಂದ ನಮ್ಮ ಕಾಲೇಜುಗಳಲ್ಲಿ ಸಹೃದಯನ ಲಕ್ಷಣವನ್ನು ಹೇಳಿಕೊಡುತ್ತ ಬಂದಿದ್ದೇವೆ. ರಂಗದ ಮೇಲಿನ ದುಃಖ ನನ್ನದೂ ಅಲ್ಲ, ನನ್ನ ಶತ್ರುವಿನದೂ ಅಲ್ಲ, ಯಾರೊಬ್ಬರದೂ ಅಲ್ಲ ಎನ್ನುವ ಹಾಗೆ ಭಾವ ಸಾಧಾರಣವಾದಾಗಲೇ ರಸ. ಅಭಿನವಗುಪ್ತನು ಎಣಿಸುವ ಏಳು ರಸವಿಘ್ನಗಳಲ್ಲಿ ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದೂ ಒಂದು. ಈ ಅಳತೆಗೋಲಿನಲ್ಲಿ ಫುಟ್‌ಬಾಲ್ ಅಭಿಮಾನಿಯಂಥ ಕೆಟ್ಟ ಪ್ರೇಕ್ಷಕ ಇನ್ನೊಬ್ಬನಿಲ್ಲ. ಅವನಿಗೆ ಆಟದ ಸೊಗಸು ಬೇಕಿಲ್ಲ, ಗೆಲವು ಬೇಕು. ಎದುರಾಳಿ ಎಷ್ಟು ಚೆನ್ನಾಗಿ ಆಡಿದನೋ ಅಷ್ಟೂ ಅವನಿಗೆ ನೋವು. ಅವನ ಭಾವ ಕೊನೆಯವರೆಗೂ ಲೌಕಿಕವೇ.

ಆದರೆ ‘ಫೀವರ್ ಪಿಚ್’ ಓದುತ್ತಿರುವ ನಾನು ಆ ಅಭಿಮಾನಿಯಲ್ಲ. ಆರ್ಸೆನಲ್ ಗೆದ್ದರೇನು, ಸೋತರೇನು, ನನ್ನ ಮನೆಯ ಅಕ್ಕಿಯ ಬೆಲೆ ಇಳಿಯುವುದಿಲ್ಲ. ಫಲಿತಾಂಶವೂ ಜಗತ್ತಿಗೆಲ್ಲ ಗೊತ್ತು: ಎರಡನೆಯ ಅರ್ಧದಲ್ಲಿ ಆ್ಯಲನ್ ಸ್ಮಿತ್ ಒಂದು ಗೋಲು ಹೊಡೆದ, ನಿಗದಿಯಾದ 90 ನಿಮಿಷಗಳೂ ಮುಗಿದ ಮೇಲೆ ಮೈಕೇಲ್ ಥಾಮಸ್ ಎರಡನೆಯದನ್ನು ಹೊಡೆದ. ಇಷ್ಟೆಲ್ಲ ತಿಳಿದೂ ಆ ಪುಟಗಳಿಗೆ ಬಂದಾಗ ಉಸಿರು ಬಿಗಿಯುತ್ತದೆ. ಅಂದರೆ ಅಭಿಮಾನಿಗೆ ದಕ್ಕದ ರಸ ಓದುಗನಿಗೆ ದಕ್ಕಿದೆ. ಇದು ಹೇಗಾಯಿತು? ಹಾರ್ನ್‌ಬಿ ತಮ್ಮ ಹುಚ್ಚನ್ನು ಎಲ್ಲಿಯೂ ಸಮರ್ಥಿಸಿಕೊಳ್ಳುವುದಿಲ್ಲ, ಎಲ್ಲಿಯೂ ಮುಚ್ಚಿಡುವುದಿಲ್ಲ. ಕೇಂಬ್ರಿಜ್ಜಿನಲ್ಲಿ ಓದುತ್ತಿದ್ದಾಗ ಪಂದ್ಯಕ್ಕೆ ಮೊದಲು ಸಕ್ಕರೆಯ ಇಲಿಯ ತಲೆಯನ್ನು ಕಚ್ಚಿ, ಉಳಿದದ್ದನ್ನು ರಸ್ತೆಗೆ ಎಸೆದು, ಅದರಿಂದ ತಂಡಕ್ಕೆ ಗೆಲವಾಗುವುದೆಂದು ನಂಬಿದ್ದ ಸಂಗತಿಯನ್ನು ಬರೆಯುತ್ತಾರೆ. ಬೆಕ್ಕು ಅಡ್ಡ ಬಂದಿತೆಂದು ಹಿಂತಿರುಗಿ ನೀರು ಕುಡಿದು ಹೊರಡುವ ನಮ್ಮ ಹಿರಿಯರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಮುಖ್ಯವಾದ ಮಾತೆಂದರೆ, ಹುಚ್ಚನೂ ಅವನೇ, ಹುಚ್ಚನ್ನು ದೂರ ನಿಂತು ನೋಡುತ್ತಿರುವವನೂ ಅವನೇ. ಆ ನೋಡುವವನು ನಮ್ಮ ಪ್ರತಿನಿಧಿ. ಸಾಧಾರಣೀಕರಣ ನಡೆಯುವುದು ಅವನ ಮೂಲಕ.

ದೂರದಲ್ಲಿ ಕುಳಿತು, ತನ್ನವರ ಗೆಲವನ್ನು ಬಯಸುತ್ತ, ಅದಕ್ಕಾಗಿ ಒಂದು ಕಡ್ಡಿಯನ್ನೂ ಎತ್ತಲಾರದೆ, ಸುದ್ದಿಗಾಗಿ ಕಿವಿಗೊಟ್ಟವನೊಬ್ಬ ನಮ್ಮ ಪರಂಪರೆಯಲ್ಲೂ ಇದ್ದಾನೆ. ಸಂಜಯನನ್ನು ಆಕಾಶವಾಣಿಯ ವೀಕ್ಷಕ ವಿವರಣೆಗಾರನಿಗೆ ಹೋಲಿಸುವುದು ಹಳೆಯ ತಮಾಷೆ. ಆ ತಮಾಷೆಯಲ್ಲಿ ಧೃತರಾಷ್ಟ್ರನನ್ನು ಮರೆತುಬಿಡುತ್ತೇವೆ. ಅವನಿಗೆ ತನ್ನ ಪಕ್ಷ ತಪ್ಪೆಂಬುದು ಗೊತ್ತು. ಗೊತ್ತಿದ್ದೂ ಪ್ರತಿದಿನ ಸಂಜೆ ಒಳ್ಳೆಯ ಸುದ್ದಿಗಾಗಿ ಆಸೆಪಡುತ್ತಾನೆ. ಆ ಆಸೆಯ ನಾಚಿಕೆಯೇ ಅವನನ್ನು ದೊಡ್ಡ ಪಾತ್ರವನ್ನಾಗಿ ಮಾಡಿದೆ. ಹೋಲಿಕೆ ಅತಿಯಾಯಿತೆಂದು ಕೆಲವರು ಹುಬ್ಬುಗಂಟಿಕ್ಕಬಹುದು. ಕುರುಕ್ಷೇತ್ರವೆಲ್ಲಿ, ಚೆಂಡಿನಾಟವೆಲ್ಲಿ? ಆಟದಲ್ಲಿ ಯಾರೂ ಸಾಯುವುದಿಲ್ಲವಲ್ಲ ಎಂದು ಕೇಳಬಹುದು.

ಸತ್ತರು. ಈ ಪುಸ್ತಕವನ್ನು ಹಗುರವಾದ ಹಾಸ್ಯಬರೆಹವೆಂದು ಎಣಿಸುವವರು ಇಲ್ಲಿ ನಿಂತು ಓದಬೇಕು. 1989ರ ಏಪ್ರಿಲ್ 15ರಂದು ಷೆಫೀಲ್ಡ್ ನಗರದ ಹಿಲ್ಸ್‌ಬರೊ ಮೈದಾನದಲ್ಲಿ ಎಫ್.ಎ. ಕಪ್ಪಿನ ಉಪಾಂತ್ಯ ಪಂದ್ಯ. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಅಭಿಮಾನಿಗಳಿಬ್ಬರಿಗೂ ಅದು ಪರಸ್ಥಳ. ಪೋಲೀಸರು ಹೊರಗಿನ ಒಂದು ಗೇಟನ್ನು ತೆರೆಸಿದರು. ಜನಪ್ರವಾಹ ಮೊದಲೇ ತುಂಬಿದ್ದ ಕಟಾಂಜನದ ಆವರಣಗಳಿಗೆ ನುಗ್ಗಿತು. ಆಟ ಆರು ನಿಮಿಷಕ್ಕೆ ನಿಂತಿತು. ತರುವಾಯದ ವರ್ಷಗಳಲ್ಲಿ ಸತ್ತವರೂ ಸೇರಿ 97 ಮಂದಿ, ಎಲ್ಲರೂ ಲಿವರ್‌ಪೂಲಿನ ಅಭಿಮಾನಿಗಳು. ಕುಡಿದು ಬಂದ ಅಭಿಮಾನಿಗಳದೇ ತಪ್ಪೆಂಬ ಅಪವಾದವನ್ನು ಅವರ ಮನೆಯವರು ದಶಕಗಳ ಕಾಲ ಹೊತ್ತರು. ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು, ಅಭಿಮಾನಿಗಳ ನಡತೆ ಇದಕ್ಕೆ ಕಾರಣವಲ್ಲ ಎಂಬ ತೀರ್ಪು ಬಂದದ್ದು 2016ರಲ್ಲಿ.

ಅದೇ ಮಧ್ಯಾಹ್ನ ಹಾರ್ನ್‌ಬಿ ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್-ನ್ಯೂಕಾಸಲ್ ಪಂದ್ಯ ನೋಡುತ್ತಿದ್ದರು. ಪುಸ್ತಕದಲ್ಲಿ ಆ ಅಧ್ಯಾಯದ ತಲೆಯ ಮೇಲಿರುವುದೂ ಆ ಪಂದ್ಯದ ಹೆಸರೇ. ಎಲ್ಲೋ ದೂರದಲ್ಲಿ ಏನೋ ಆಗಿದೆಯೆಂಬ ಗಾಳಿಮಾತು ಜನರ ನಡುವೆ ಹರಿದು ಬರುತ್ತದೆ. ಇಲ್ಲಿ ಆಟ ನಡೆದೇ ಇದೆ. ಅಂಥ ಇಕ್ಕಟ್ಟಿನಲ್ಲಿ ತಾನೂ ಎಷ್ಟು ಸಲ ನಿಂತಿದ್ದೆ, ಅದನ್ನು ಆಟದ ಸೊಬಗಿನ ಒಂದು ಅಂಗವೆಂದೇ ಎಷ್ಟು ಸಲ ಸವಿದಿದ್ದೆ ಎಂದು ಅಭಿಮಾನಿ ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ಕೆಲವೇ ಪುಟಗಳ ಅಂತರದಲ್ಲಿ ಮೇ 26ರ ಆನಂದ. ಈ ಎರಡರ ನಡುವೆ ಲೇಖಕರು ಸೇತುವೆ ಕಟ್ಟಿಲ್ಲ. ಓದುಗನೇ ನೆನೆಯಬೇಕಾದ ಒಂದು ಸಂಗತಿಯಿದೆ: ಲಿವರ್‌ಪೂಲ್-ಆರ್ಸೆನಲ್ ಪಂದ್ಯ ಮೊದಲು ಗೊತ್ತಾಗಿದ್ದುದು ಏಪ್ರಿಲ್ 23ಕ್ಕೆ. ಹಿಲ್ಸ್‌ಬರೊದ ಸೂತಕದಿಂದಾಗಿ ಅದು ಮುಂದಕ್ಕೆ ಹೋಗಿ, ಋತುವಿನ ಕಟ್ಟಕಡೆಯ ಪಂದ್ಯವಾಯಿತು. ಆ ಸಾವುಗಳು ಆಗದಿದ್ದರೆ ಅದು ಏಪ್ರಿಲ್ ತಿಂಗಳ ಇನ್ನೊಂದು ಭಾನುವಾರದ ಆಟವಾಗಿರುತ್ತಿತ್ತು. ಫೈನಲ್ ಆಗುತ್ತಲೇ ಇರಲಿಲ್ಲ. ಲಂಡನ್ನಿನ ಅಭಿಮಾನಿಯ ಬಾಳಿನ ಪರಮ ಸಂಭ್ರಮ ಲಿವರ್‌ಪೂಲಿನ ಶೋಕದ ಬಟ್ಟೆಯಿಂದಲೇ ಕತ್ತರಿಸಿದ್ದು. ಪಂದ್ಯಕ್ಕೆ ಮೊದಲು ಆರ್ಸೆನಲ್ ಆಟಗಾರರು ಹೂಗುಚ್ಛಗಳನ್ನು ಹಿಡಿದು ಬಂದು ಲಿವರ್‌ಪೂಲಿನ ಜನರಿಗೆ ಕೊಟ್ಟರು. ಪಂದ್ಯ ಸೋತ ಮೇಲೆ ಆ ಜನ ಗೆದ್ದವರಿಗೆ ಚಪ್ಪಾಳೆ ತಟ್ಟಿದರು.

ನನಗೆ ಈ ಪುಸ್ತಕದ ಮೇಲೆ ಒಂದು ಆಕ್ಷೇಪವಿದ್ದರೆ ಅದು ಇದೇ ಚಪ್ಪಾಳೆಯ ವಿಷಯದಲ್ಲಿ. ಐದು ವಾರಗಳ ಹಿಂದೆ ತಮ್ಮವರನ್ನು ಹೂಳಿದ ಜನ ಆ ಸಂಜೆ ಯಾವುದಕ್ಕಾಗಿ ಕಾಯುತ್ತಿದ್ದರು? ಗೆಲವಿಗಾಗಿಯೆ? ಬರಿಯ ಒಂದು ಸಾಧಾರಣ ಸಂಜೆಗಾಗಿಯೆ? ಹಾರ್ನ್‌ಬಿಯವರ ಕಣ್ಣು ಅವರ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತನ್ನ ಪಕ್ಷದವನ ಬಾಯಲ್ಲೇ ಕಥೆ ಹೇಳಬೇಕೆಂಬ ಕಟ್ಟುಪಾಡನ್ನು ಒಪ್ಪಿಕೊಂಡವರಿಗೆ ಇದು ಅನಿವಾರ್ಯವೆಂದು ವಾದಿಸಬಹುದು. ಆದರೆ ಪುಸ್ತಕದ ಅತ್ಯಂತ ಗಟ್ಟಿಯಾದ ಭಾಗಗಳು ಅಭಿಮಾನಿ ನಾಚಿಕೊಂಡಿರುವ ಭಾಗಗಳು. ಮೇ 26ರ ಅಧ್ಯಾಯದಲ್ಲಿ ಆ ನಾಚಿಕೆ ರಜೆಯ ಮೇಲೆ ಹೋಗಿದೆ. ಬದಲಿಗೆ ಬರುವುದು ಹೋಲಿಕೆಗಳ ಒಂದು ಸರಮಾಲೆ: ಈ ಕ್ಷಣದ ಸುಖಕ್ಕೆ ದಾಂಪತ್ಯದ ಸುಖವನ್ನೂ ಮಗು ಹುಟ್ಟಿದ ಸಂತೋಷವನ್ನೂ ತೂಗಿ ನೋಡಿ, ಒಂದೊಂದನ್ನೂ ಪಕ್ಕಕ್ಕಿಡುತ್ತಾರೆ. ಚಮತ್ಕಾರವಾಗಿದೆ, ನಗು ಬರುತ್ತದೆ. ಆದರೆ ಅದರಲ್ಲಿ ವಕೀಲಿಯ ವಾಸನೆಯಿದೆ. ಅದಕ್ಕಿಂತ, ಗೋಲು ಆದ ಮೇಲೆ ಅವರು ಬೀದಿಗಿಳಿದು ಓಡುವುದೂ, ಮುದುಕಿಯರು ಬಾಗಿಲಿಗೆ ಬಂದು, ಗೋಲು ಹೊಡೆದವನು ಇವನೇ ಎನ್ನುವಂತೆ ಚಪ್ಪಾಳೆ ತಟ್ಟುವುದೂ ಹೆಚ್ಚು ಮನಸ್ಸಿಗೆ ತಟ್ಟುತ್ತದೆ. ಏನನ್ನೂ ಮಾಡದವನಿಗೆ ಸಿಕ್ಕ ಮರ್ಯಾದೆ ಅದು. ಆ ಚಿತ್ರದ ಮುಂದೆ ತೂಕದ ವಾದಗಳೆಲ್ಲ ಸಪ್ಪೆ.

1997ರಲ್ಲಿ ಇದು ಚಲನಚಿತ್ರವಾಯಿತು. ಚಿತ್ರಕಥೆ ಹಾರ್ನ್‌ಬಿಯವರದೇ, ನಾಯಕ ಕಾಲಿನ್ ಫರ್ತ್. ಆ ಒಂದೇ ಋತುವನ್ನು ಹಿಡಿದು ಹೆಣೆದ ಕಥೆ. ಅದರಲ್ಲಿ ನಾಯಕನ ಫುಟ್‌ಬಾಲ್ ಹುಚ್ಚು ಅವನ ಪ್ರೇಮಕ್ಕೆ ಅಡ್ಡಿಯಾಗಿ ನಿಂತು, ಕೊನೆಯ ಗೋಲಿನೊಡನೆ ಎಲ್ಲವೂ ಸರಿಹೋಗುತ್ತದೆ. ಕಾಯುವಿಕೆಗೆ ಫಲ ಸಿಗಲೇಬೇಕೆಂದು ಸಿನಿಮಾ ನಂಬುತ್ತದೆ, ಪುಸ್ತಕ ನಂಬುವುದಿಲ್ಲ. 2005ರಲ್ಲಿ ಅಮೆರಿಕದವರು ಅದನ್ನೇ ಬೇಸ್‌ಬಾಲಿಗೆ ಬದಲಾಯಿಸಿ ಇನ್ನೊಂದು ಚಿತ್ರ ಮಾಡಿದರು. ಅದನ್ನು ಕುರಿತು ಹೇಳಬೇಕಾದದ್ದು ಹೆಚ್ಚಿಲ್ಲ.

ಈ ಪುಸ್ತಕ ಕನ್ನಡದ ಓದುಗರಿಗೆ ಬಹು ದೂರದ್ದೆಂದು ಹೇಳುವಂತಿಲ್ಲ. 2016ರ ಅಕ್ಟೋಬರ್ 19ರಂದು ಬೆಂಗಳೂರು ಎಫ್.ಸಿ. ತಂಡ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ, ಎ.ಎಫ್.ಸಿ. ಕಪ್ಪಿನ ಫೈನಲಿಗೆ ಹೋದ ಮೊದಲನೆಯ ಭಾರತೀಯ ತಂಡವೆನಿಸಿತು. ಫೈನಲ್ ನವೆಂಬರ್ 5ರಂದು, ಕತಾರಿನ ದೋಹಾದಲ್ಲಿ. ನಡುವೆ ಹದಿನೇಳು ದಿನ. ಆ ದಿನಗಳಲ್ಲಿ ನನ್ನ ತರಗತಿಯ ಹಿಂದಿನ ಬೆಂಚಿನವರು ಕಂದಪದ್ಯದ ಮಾತ್ರೆಗಳನ್ನು ಎಣಿಸುವುದರ ಬದಲು ದೋಹಾಕ್ಕೆ ವಿಮಾನದ ದರವನ್ನು ಎಣಿಸುತ್ತಿದ್ದರು. ಎಣಿಸಿದ ಮೇಲೆ ಒಬ್ಬರೂ ಹೋಗಲಿಲ್ಲ. ಇರಾಕಿನ ವಾಯುಸೇನೆಯ ತಂಡ ಒಂದು ಗೋಲಿನಿಂದ ಗೆದ್ದಿತು. ಸೋಮವಾರ ತರಗತಿಯಲ್ಲಿ ಹಾಜರಿ ಪೂರ್ತಿಯಾಗಿತ್ತು. ಪ್ರಶ್ನೆ ಕೇಳಿದರೆ ಉತ್ತರ ಮಾತ್ರ ಬರಲಿಲ್ಲ.

ಆದುದರಿಂದ ‘ಫೀವರ್ ಪಿಚ್’ ಕನ್ನಡಕ್ಕೆ ಬರಬೇಕೆಂದು ನನ್ನ ಆಸೆ. ಕೆಲಸ ಸುಲಭವಲ್ಲ. ನಮ್ಮ ಪತ್ರಿಕೆಗಳು ತಂಡದ ಸ್ವಂತ ಮೈದಾನವನ್ನು ‘ತವರಿನ ಅಂಗಳ’ವೆಂದು ಕರೆಯುವ ರೂಢಿ ಹಾಕಿವೆ, ಸೊಗಸಾದ ಮಾತು. ಆದರೆ ಪರವೂರಿನ ಆಟಕ್ಕೆ ಅಷ್ಟೇ ಮನೆಮಾತಾದ ಪದವಿಲ್ಲ. ತವರಿಗೆ ಎದುರಾದದ್ದು ಅತ್ತೆಯ ಮನೆಯಷ್ಟೆ! ಹಾಗೆಂದು ಬರೆದರೆ ಓದುಗರು ನಕ್ಕಾರು. ಆದರೂ ಎಲ್ಲರ ಕಣ್ಣೂ ತನ್ನ ಮೇಲಿರುವ, ಒಂದು ತಪ್ಪಾದರೆ ಸಾವಿರ ಬಾಯಿ ಬಿಚ್ಚುವ ಆ ಸ್ಥಿತಿಯನ್ನು ನಮ್ಮ ಜನಪದ ಹೆಂಗಸರಿಗಿಂತ ಚೆನ್ನಾಗಿ ಹಾಡಿದವರು ಯಾರು? ‘ಅಭಿಮಾನಿ’ ಎಂಬ ಪದವನ್ನಂತೂ ಸಿನಿಮಾದವರು ಸವೆಸಿಬಿಟ್ಟಿದ್ದಾರೆ. ಅನುವಾದಕರು ಆಟದ ಪರಿಭಾಷೆಗೆ ಹೆದರಬೇಕಾಗಿಲ್ಲ. ಗೋಲು, ಪೆನಾಲ್ಟಿ, ರೆಫರಿ ಎಂಬ ಮಾತುಗಳು ಯಾವ ಹಳ್ಳಿಯ ಶಾಲೆಯ ಹುಡುಗನಿಗೂ ತಿಳಿದಿವೆ. ಆಟಗಾರರ ಹೆಸರುಗಳಿಗೆ ಅಡಿಟಿಪ್ಪಣಿಗಳನ್ನು ಹೇರುವ ಅಗತ್ಯವೂ ಇಲ್ಲ. ಅಧ್ಯಾಯಗಳ ತಲೆಯ ಮೇಲಿರುವ ತಾರೀಖುಗಳನ್ನು ಮಾತ್ರ ಬಿಡಬಾರದು. ಏಪ್ರಿಲ್ 15 ಮತ್ತು ಮೇ 26, ಇವೆರಡೂ ಒಂದೇ ವರ್ಷದವೆಂಬುದು ಓದುಗನ ಕಣ್ಣಿಗೆ ಬೀಳಬೇಕು.